ಒಂದು ಭಾನುವಾರದ ಕಾಣಿಕೆಗೆ ಮುಗಿಯದ ಕಾಯಿಲೆ



2018ರ ತಪಸ್ಸುಕಾಲದ ಒಂದು ಭಾನುವಾರ. ಆಗ ನಾನು ಸೇವೆಯಲ್ಲಿದ್ದ ಧರ್ಮಕೇಂದ್ರದಲ್ಲಿ ಬಲಿಪೂಜೆಯ ಕೊನೆಗೆ ಒಂದು ಪ್ರಕಟಣೆ ಓದಿದೆ. ನಮ್ಮ ಓರ್ವ ಸಹೋದರಿ, ಶಾಲಾ ಶಿಕ್ಷಕಿ, ಇಬ್ಬರು ಮಕ್ಕಳ ತಾಯಿ, ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ನರರೋಗಕ್ಕೆ ತುತ್ತಾಗಿದ್ದಾರೆ, ಅವರ ಚಿಕಿತ್ಸೆಗೆ ಎಲ್ಲರೂ ಉದಾರವಾಗಿ ನೆರವಾಗಬೇಕು ಎಂಬುದು ಅದರ ಸಾರಾಂಶ. ಆಕೆಯ ಹೆಸರು ಹೇಳಿದೆ, ವಾಳೆಯ ಹೆಸರನ್ನೂ ಹೇಳಿದೆ. ಕೇಳುವವರ ಮನ ಕರಗಲಿ ಎಂದು ಆಕೆಯ ಕಣ್ಣು ಮಂಜಾಗಿದೆ, ಕಾಲು ಸ್ವಾಧೀನದಲ್ಲಿಲ್ಲ, ಮೂತ್ರದ ಮೇಲೆ ಹಿಡಿತ ತಪ್ಪಿದೆ ಎಂಬುದನ್ನೂ ಸೇರಿಸಿದೆ. ಇಗರ್ಜಿಯ ಬಾಗಿಲಲ್ಲಿ ಯುವಕರು ಆಕೆಯ ಭಾವಚಿತ್ರ ಅಂಟಿಸಿದ ಡಬ್ಬಿ ಹಿಡಿದು ನಿಂತರು. ಸಂಜೆ ಎಣಿಸಿದಾಗ ಒಂದೂಮುಕ್ಕಾಲು ಲಕ್ಷ ರೂಪಾಯಿಯಷ್ಟು ಸೇರಿತ್ತು. ಅಂದು ರಾತ್ರಿ ನಾನು ಬಹಳ ಸಂತೃಪ್ತಿಯಿಂದ ಮಲಗಿದೆ.

ಮುಂದಿನ ಭಾನುವಾರ ಆ ಸಹೋದರಿ ಪೂಜೆಗೆ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಕಾಯಿಲೆ ಉಲ್ಬಣಿಸಿರಬಹುದೆಂದು ಭಾವಿಸಿ ಮನೆಗೆ ಹೋದೆ. ಆಕೆ ಅಂಗಳದಲ್ಲಿ ಕುಳಿತು ಮಕ್ಕಳ ನೋಟುಪುಸ್ತಕ ತಿದ್ದುತ್ತಿದ್ದರು. ನನಗೆ ಕುಳಿತುಕೊಳ್ಳಲು ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ನಂತರ ಹೀಗೆಂದರು: "ಫಾದರ್, ನೀವು ಮಾಡಿದ ಉಪಕಾರವನ್ನು ನಾನು ಮರೆಯುವುದಿಲ್ಲ. ಆದರೆ ನನ್ನ ತರಗತಿಯ ಮಕ್ಕಳ ತಂದೆತಾಯಂದಿರೆಲ್ಲ ಅಂದು ಇಗರ್ಜಿಯಲ್ಲಿದ್ದರು. ನನ್ನ ಮೂತ್ರದ ವಿಷಯ ಅವರಿಗೆ ಗೊತ್ತಾಗಬೇಕಿತ್ತೇ?"

ನನಗೆ ಉತ್ತರ ಹೊಳೆಯಲಿಲ್ಲ. ಸಹಾಯ ಕೇಳಿಕೊಂಡು ನನ್ನ ಬಳಿ ಬಂದವರು ಆಕೆಯ ಪತಿ. ನಾನು ಅವರ ಮಾತು ಕೇಳಿ ಪ್ರಕಟಣೆ ಬರೆದೆ. ಆಕೆಯನ್ನು ಒಂದು ಮಾತು ಕೇಳಿರಲಿಲ್ಲ. ಈ ಲೇಖನ ಬರೆಯುವ ಮುನ್ನ ಮಾತ್ರ ಆಕೆಯ ಅನುಮತಿ ಪಡೆದಿದ್ದೇನೆ. ಹೆಸರು ಬೇಡ, ಉಳಿದದ್ದನ್ನು ಬರೆಯಿರಿ, ಇನ್ನೊಬ್ಬರಿಗೆ ಉಪಯೋಗವಾದೀತು ಎಂದು ಅವರೇ ಹೇಳಿದರು.

ಏನಿದು ಕಾಯಿಲೆ?

ನಮ್ಮ ಮಿದುಳು ಮತ್ತು ಬೆನ್ನುಹುರಿಯಲ್ಲಿರುವ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನಂಶದ ಹೊದಿಕೆಯಿದೆ. ವಿದ್ಯುತ್ ತಂತಿಗೆ ರಬ್ಬರಿನ ಕವಚವಿರುವಂತೆ ಎನ್ನಬಹುದು. ಹೊರಗಿನ ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾವ್ಯವಸ್ಥೆಯೇ ದಿಕ್ಕು ತಪ್ಪಿ ಈ ಹೊದಿಕೆಯ ಮೇಲೆ ದಾಳಿಯಿಟ್ಟಾಗ ಉಂಟಾಗುವ ರೋಗವೇ ಮಲ್ಟಿಪಲ್ ಸ್ಕ್ಲಿರೋಸಿಸ್. ವೈದ್ಯರು ಸಂಕ್ಷೇಪವಾಗಿ ಎಂ.ಎಸ್. ಎನ್ನುತ್ತಾರೆ. ಪ್ಯಾರಿಸ್ಸಿನ ಸಾಲ್ಪೆತ್ರಿಯೇರ್ ಆಸ್ಪತ್ರೆಯ ನರವೈದ್ಯ ಝಾನ್ ಮಾರ್ಟಿನ್ ಶಾರ್ಕೋ 1868ರಲ್ಲಿ ಇದನ್ನು ಪ್ರತ್ಯೇಕ ರೋಗವೆಂದು ವಿವರಿಸಿದರು. ದಾಳಿ ನಡೆದ ಜಾಗವನ್ನು ಅವಲಂಬಿಸಿ ಒಬ್ಬರಿಗೆ ಕಣ್ಣು ಮಂಜಾದರೆ, ಇನ್ನೊಬ್ಬರಿಗೆ ಕೈಕಾಲು ಜೋಮು ಹಿಡಿಯುತ್ತದೆ. ಮತ್ತೊಬ್ಬರಿಗೆ ನಡಿಗೆಯ ಸಮತೋಲನ ತಪ್ಪುತ್ತದೆ. ಹೇಳಲಾಗದ ಆಯಾಸವಂತೂ ಬಹುಮಂದಿಗೆ ಸಾಮಾನ್ಯ. ಮೈ ಬಿಸಿಯೇರಿದಾಗ ಲಕ್ಷಣಗಳು ಹೆಚ್ಚುವುದರಿಂದ ನಮ್ಮ ಕರಾವಳಿಯ ಏಪ್ರಿಲ್-ಮೇ ತಿಂಗಳ ಸೆಕೆ ಈ ರೋಗಿಗಳಿಗೆ ಪ್ರತ್ಯೇಕ ಪರೀಕ್ಷೆಯೇ ಸರಿ.

2020ರ ಜಾಗತಿಕ ಅಂದಾಜಿನಂತೆ ಸುಮಾರು 28 ಲಕ್ಷ ಜನರಿಗೆ ಈ ರೋಗವಿತ್ತು. ಬಹುತೇಕ ಇಪ್ಪತ್ತರಿಂದ ನಲ್ವತ್ತರ ಪ್ರಾಯದಲ್ಲಿ, ಅಂದರೆ ಮದುವೆ, ಉದ್ಯೋಗ, ಮಕ್ಕಳು ಎಂದು ಬದುಕು ಕಟ್ಟಿಕೊಳ್ಳುವ ಹೊತ್ತಿನಲ್ಲೇ ಇದು ಕಾಣಿಸಿಕೊಳ್ಳುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಕನಿಷ್ಠ ಎರಡು ಪಟ್ಟು ಅಧಿಕ. ಇದು ಅಂಟುರೋಗವಲ್ಲ, ಯಾರ ಪಾಪದ ಫಲವೂ ಅಲ್ಲ. ಹಾಲೆಂಡಿನ ಸ್ಖೀಡಾಮ್ ಪಟ್ಟಣದ ಸಂತ ಲಿಡ್ವಿನಾ (1380-1433) ಹದಿಹರೆಯದಲ್ಲಿ ಮಂಜುಗಡ್ಡೆಯ ಮೇಲೆ ಬಿದ್ದು, ಬಳಿಕ ಸಾಯುವವರೆಗೂ ಹಾಸಿಗೆ ಹಿಡಿದ ಕಥೆಯನ್ನು ಕೆಲವರು ಓದಿರಬಹುದು. ಆಕೆಯ ಚರಿತ್ರೆಯಲ್ಲಿ ದಾಖಲಾಗಿರುವ ಲಕ್ಷಣಗಳನ್ನು ಪರಿಶೀಲಿಸಿದ ಕೆಲವು ವೈದ್ಯರು ಅದು ಇದೇ ರೋಗವಿದ್ದಿರಬಹುದೆಂದು ಅಭಿಪ್ರಾಯಪಟ್ಟಿದ್ದಾರೆ.

ಈ ರೋಗದ ಇನ್ನೊಂದು ಗುಣವನ್ನು ನಾವು ಮುಖ್ಯವಾಗಿ ತಿಳಿದುಕೊಳ್ಳಬೇಕು. ಹೆಚ್ಚಿನವರಲ್ಲಿ ಇದು ಬಂದು ಹೋಗುತ್ತಾ ಇರುತ್ತದೆ. ಕೆಲವು ವಾರ ಕಾಲು ಎತ್ತಿಡಲಾಗದವರು ಬಳಿಕ ಎದ್ದು ಪೇಟೆಗೆ ನಡೆದುಹೋಗಬಹುದು. ಕೆಲವು ತಿಂಗಳ ನಂತರ ಮತ್ತೆ ನೆಲಕಚ್ಚಬಹುದು. ಪ್ರತಿ ದಾಳಿ ಒಂದಿಷ್ಟು ಹಾನಿಯನ್ನು ಶಾಶ್ವತವಾಗಿ ಉಳಿಸಿ ಹೋಗುವ ಸಂಭವವಿದೆ. ಇಂದಿನ ಔಷಧಗಳು ಈ ದಾಳಿಗಳನ್ನು ಕಡಿಮೆ ಮಾಡುತ್ತವೆ, ಅಂಗವೈಕಲ್ಯವನ್ನು ಮುಂದೂಡುತ್ತವೆ. ಆದರೆ ರೋಗವನ್ನು ಬೇರುಸಹಿತ ಕಿತ್ತುಹಾಕುವುದಿಲ್ಲ. ಆದುದರಿಂದ ರೋಗಿ ಚೆನ್ನಾಗಿ ನಡೆಯುತ್ತಿರುವಾಗಲೇ ಔಷಧ ತಪ್ಪದೆ ಸಾಗಬೇಕು.

"ಇನ್ನೂ ಗುಣವಾಗಲಿಲ್ಲವೇ, ಫಾದರ್?"

ಅಂದು ಕೂಡಿಸಿದ ಹಣ ಹನ್ನೊಂದು ತಿಂಗಳಲ್ಲಿ ಮುಗಿಯಿತು. ಎಂ.ಆರ್.ಐ. ಪರೀಕ್ಷೆ, ಚುಚ್ಚುಮದ್ದು, ನಡುವೆ ಒಮ್ಮೆ ರೋಗ ಮರುಕಳಿಸಿದಾಗ ಆಸ್ಪತ್ರೆವಾಸ, ದೂರದ ನರವೈದ್ಯರ ಬಳಿಗೆ ಪ್ರಯಾಣ, ಸಂಬಳವಿಲ್ಲದ ರಜೆ, ಎಲ್ಲವೂ ಸೇರಿ ಮುಗಿಯಿತು. ಎರಡನೆಯ ಬಾರಿ ನೆರವು ಕೇಳಿದಾಗ ಮೊದಲಿನ ಕಾಲುಭಾಗವೂ ಕೂಡಲಿಲ್ಲ. ಜನರು ಕೆಟ್ಟವರಲ್ಲ. ಅವರ ಪ್ರಶ್ನೆಗಳಲ್ಲಿ ಪ್ರಾಮಾಣಿಕತೆಯೇ ಇತ್ತು. "ಹೋದ ವರ್ಷ ಕೊಟ್ಟೆವಲ್ಲ, ಇನ್ನೂ ಗುಣವಾಗಲಿಲ್ಲವೇ, ಫಾದರ್?" ಎಂದು ಒಬ್ಬರು ಕೇಳಿದರು. "ಮೊನ್ನೆ ಬಸ್ಸಿಗೆ ನಡೆದುಕೊಂಡೇ ಹೋಗುತ್ತಿದ್ದರಲ್ಲ!" ಎಂದರು ಮತ್ತೊಬ್ಬರು.

ಆಗ ನನಗೊಂದು ಸತ್ಯ ಅರಿವಾಯಿತು. ನಮ್ಮ ಕರುಣೆಯ ಅಳತೆಗೋಲು ಅಪಘಾತಕ್ಕೂ ಶಸ್ತ್ರಚಿಕಿತ್ಸೆಗೂ ತಕ್ಕಂತೆ ಮಾಡಿದ್ದು. ಮರದಿಂದ ಬಿದ್ದವನಿಗೆ, ಹೃದಯದ ಆಪರೇಷನ್ ಆಗಬೇಕಾದ ಮಗುವಿಗೆ, ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ನಾವು ಕೈಬಿಚ್ಚಿ ಕೊಡುತ್ತೇವೆ. ಅಲ್ಲಿ ಒಂದು ಆರಂಭವಿದೆ, ಒಂದು ಅಂತ್ಯವಿದೆ. ಕೊಟ್ಟ ಹಣದ ಫಲ ಕಣ್ಣಿಗೆ ಕಾಣುತ್ತದೆ. ಅಂತ್ಯವಿಲ್ಲದ ಕಾಯಿಲೆಯ ಮುಂದೆ ನಮ್ಮ ಔದಾರ್ಯ ದಣಿಯುತ್ತದೆ. ದಣಿದ ಔದಾರ್ಯ ಮೆಲ್ಲನೆ ಸಂಶಯವಾಗಿ ಮಾರ್ಪಡುತ್ತದೆ. ಆಗ ರೋಗಿಯು ರೋಗದ ಭಾರದೊಡನೆ, ತಾನು ನಿಜವಾಗಿಯೂ ರೋಗಿ ಎಂದು ಸಾಬೀತುಪಡಿಸುವ ಭಾರವನ್ನೂ ಹೊರಬೇಕಾಗುತ್ತದೆ.

ಸಂತ ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿದ ಒಬ್ಬ ಸ್ತ್ರೀಯಿದ್ದಾಳೆ. ಅನೇಕ ವೈದ್ಯರ ಕೈಯಲ್ಲಿ ಕಷ್ಟಪಟ್ಟು, ಇದ್ದುದೆಲ್ಲವನ್ನೂ ಖರ್ಚುಮಾಡಿ, ಗುಣ ಕಾಣದೆ ಇನ್ನಷ್ಟು ಹದಗೆಟ್ಟವಳು ಎಂದು ಶುಭಸಂದೇಶಕಾರನು ಆಕೆಯ ಖರ್ಚಿನ ಲೆಕ್ಕವನ್ನೂ ಮರೆಯದೆ ದಾಖಲಿಸಿದ್ದಾನೆ. ಆಕೆ ಪ್ರಭುವಿನ ಎದುರಿಗೆ ಬರಲಿಲ್ಲ, ಜನಸಂದಣಿಯ ನಡುವೆ ಹಿಂದಿನಿಂದ ಬಂದು ಉಡುಪಿನ ಅಂಚು ಮುಟ್ಟಿದಳು. ದೀರ್ಘ ಕಾಯಿಲೆಯವರು ಏಕೆ ಹಿಂದಿನಿಂದ ಬರುತ್ತಾರೆ ಎಂಬುದು ಆ ಅಂಗಳದಲ್ಲಿ ಕುಳಿತ ಮೇಲೆ ನನಗೆ ಮನವರಿಕೆಯಾಯಿತು. ಪ್ರಭು ಆಕೆಯನ್ನು ಕರೆದು, ಮಾತನಾಡಿಸಿ, ಮಗಳೇ ಎಂದರು. ನಾನಾದರೋ ಆಕೆಯ ವಿಷಯವನ್ನು ಧ್ವನಿವರ್ಧಕದಲ್ಲಿ ಓದಿದ್ದೆ.

ಒಂದು ಜಾಹೀರಾತಿನ ಕಥೆ

1945ರ ಮೇ 1ರಂದು ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಒಂದು ಪುಟ್ಟ ಜಾಹೀರಾತು ಪ್ರಕಟವಾಯಿತು. ಕೊಟ್ಟವರು ಸಿಲ್ವಿಯಾ ಲಾರಿ ಎಂಬ ಯುವತಿ. ಆಕೆಯ ಸಹೋದರ ಬರ್ನಾರ್ಡನಿಗೆ ಎಂ.ಎಸ್. ಇತ್ತು, ವೈದ್ಯರ ಬಳಿ ಮದ್ದಿರಲಿಲ್ಲ. ಈ ರೋಗದಿಂದ ಗುಣಮುಖರಾದವರು ಯಾರಾದರೂ ಇದ್ದರೆ ದಯವಿಟ್ಟು ಸಂಪರ್ಕಿಸಬೇಕು ಎಂದು ಆಕೆ ಕೇಳಿಕೊಂಡಿದ್ದರು. ಐವತ್ತಕ್ಕೂ ಹೆಚ್ಚು ಪತ್ರಗಳು ಬಂದವು. ಆದರೆ ಅವೆಲ್ಲ ತಮ್ಮಂತೆಯೇ ಸುದ್ದಿಗಾಗಿ ಕಾದಿದ್ದ ರೋಗಿಗಳ ಮತ್ತು ಬಂಧುಗಳ ಪತ್ರಗಳು. ಮದ್ದು ಸಿಕ್ಕರೆ ನಮಗೂ ತಿಳಿಸಿ ಎಂಬ ವಿನಂತಿಗಳು.

ಮದ್ದು ಹುಡುಕಲು ಹೊರಟ ಆ ಹೆಣ್ಣುಮಗಳಿಗೆ ಮದ್ದು ಸಿಗಲಿಲ್ಲ, ಜೊತೆಗಾರರು ಸಿಕ್ಕರು. ಮರುವರ್ಷ, 1946ರಲ್ಲಿ, ಆಕೆ ಸ್ಥಾಪಿಸಿದ ಸಂಘವೇ ಮುಂದೆ ಅಮೆರಿಕದ ರಾಷ್ಟ್ರೀಯ ಎಂ.ಎಸ್. ಸೊಸೈಟಿಯಾಗಿ ಬೆಳೆದು ಸಂಶೋಧನೆಗೆ ಅಪಾರ ಹಣ ಕೂಡಿಸಿತು. 1967ರಲ್ಲಿ ಅಂತಾರಾಷ್ಟ್ರೀಯ ಒಕ್ಕೂಟವೂ ಹುಟ್ಟಿತು. ನಮ್ಮ ದೇಶದಲ್ಲಿ 1985ರಲ್ಲಿ ಮುಂಬಯಿಯಲ್ಲಿ ಮಲ್ಟಿಪಲ್ ಸ್ಕ್ಲಿರೋಸಿಸ್ ಸೊಸೈಟಿ ಆಫ್ ಇಂಡಿಯಾ ಸ್ಥಾಪನೆಗೊಂಡಿತು. ಬೆಂಗಳೂರಿನಲ್ಲೂ ಅದರ ಶಾಖೆಯಿದೆ. ಮೊದಲ ಪರಿಣಾಮಕಾರಿ ಔಷಧವಾದ ಇಂಟರ್‌ಫೆರಾನ್ ಬೀಟಾಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 1993ರಲ್ಲಿ. ಆ ಜಾಹೀರಾತಿನಿಂದ ಆ ಔಷಧದವರೆಗೆ ನಲ್ವತ್ತೆಂಟು ವರ್ಷ. ಸಿಲ್ವಿಯಾ ಲಾರಿ 2001ರಲ್ಲಿ ತೀರಿಕೊಂಡರು. ಒಂದು ಭಾನುವಾರದ ಡಬ್ಬಿಯಲ್ಲಿ ಮುಗಿಯದ ಕೆಲಸವೆಂದರೆ ಇದೇ.

ಆಸೆಗೆ ಬೆಲೆ ಕಟ್ಟುವವರು

ಎರಡನೆಯ ಕಾಣಿಕೆಯ ನಂತರ ಒಂದು ಸಂಜೆ ಆಕೆಯ ಪತಿ ಒಂದು ಕರಪತ್ರ ಹಿಡಿದು ಬಂದರು. ದೂರದ ನಗರದ ಒಂದು ಚಿಕಿತ್ಸಾಲಯದ ಕರಪತ್ರ. ಒಂದೇ ಸಲದ ಚಿಕಿತ್ಸೆ, ಸಂಪೂರ್ಣ ಗುಣ, ಖರ್ಚು ಹತ್ತು ಲಕ್ಷ. "ಹೇಗಾದರೂ ಕೂಡಿಸಿ ಕೊಡಿ, ಫಾದರ್. ಇನ್ನು ಮತ್ತೆ ಕೇಳುವುದೇ ಬೇಡ" ಎಂದರು. ಆ ಕೊನೆಯ ವಾಕ್ಯ ನನ್ನನ್ನು ಚುಚ್ಚಿತು. ಮತ್ತೆ ಮತ್ತೆ ಕೇಳುವ ಅವಮಾನದಿಂದ ಪಾರಾಗಲೆಂದೇ ಅವರು ಆ ಭರವಸೆಗೆ ಜೋತುಬಿದ್ದಿದ್ದರು. ನಾವು ಹಾಕಿದ ದಣಿವಿನ ಮುಖವೇ ಅವರನ್ನು ಅತ್ತ ದೂಡಿತ್ತು.

ಇಂಥದೇ ಕಥೆ ಇಡೀ ಜಗತ್ತಿನ ಕಣ್ಣಮುಂದೆ ನಡೆದುಹೋಗಿದೆ. 2009ರಲ್ಲಿ ಇಟಲಿಯ ಫೆರಾರಾ ವಿಶ್ವವಿದ್ಯಾನಿಲಯದ ವೈದ್ಯ ಪಾವ್ಲೊ ಝಾಂಬೋನಿ, ಕುತ್ತಿಗೆಯ ರಕ್ತನಾಳಗಳು ಕಿರಿದಾಗಿರುವುದೇ ಎಂ.ಎಸ್.ಗೆ ಕಾರಣವಿರಬಹುದು, ಬಲೂನಿನಿಂದ ಅವನ್ನು ಹಿಗ್ಗಿಸಿದರೆ ರೋಗ ಶಮನವಾಗಬಹುದು ಎಂದು ಮಂಡಿಸಿದರು. ಅವರ ಪತ್ನಿಗೂ ಇದೇ ರೋಗವಿತ್ತು; ಅವರ ಉದ್ದೇಶವನ್ನು ಶಂಕಿಸಬೇಕಾಗಿಲ್ಲ. ಆದರೆ ಪರೀಕ್ಷೆಗಳು ಮುಗಿಯುವ ಮೊದಲೇ ಸುದ್ದಿ ಹಬ್ಬಿತು. ಕೆನಡಾದಲ್ಲಿ ಊರೂರುಗಳಲ್ಲಿ ನೆರೆಹೊರೆಯವರು ಭೋಜನಕೂಟ ಏರ್ಪಡಿಸಿ ಹಣ ಕೂಡಿಸಿದರು. ರೋಗಿಗಳು ಪೋಲೆಂಡ್, ಮೆಕ್ಸಿಕೊ, ಕೋಸ್ಟರಿಕಗಳಿಗೂ ನಮ್ಮ ಭಾರತಕ್ಕೂ ವಿಮಾನವೇರಿದರು. 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ, ಈ ಚಿಕಿತ್ಸೆಯಿಂದ ಸಾವು ಮತ್ತು ಪಾರ್ಶ್ವವಾಯು ಸಂಭವಿಸಿರುವುದಾಗಿ ಎಚ್ಚರಿಸಿತು. 2017ರಲ್ಲಿ ಕೆನಡಾದ ವೈದ್ಯರೂ ಇಟಲಿಯಲ್ಲಿ ಸ್ವತಃ ಝಾಂಬೋನಿಯವರ ತಂಡವೂ ತಮ್ಮ ತಮ್ಮ ಪರೀಕ್ಷೆಗಳ ಫಲಿತಾಂಶ ಹೊರಗೆಡವಿದರು. ನಿಜವಾದ ಚಿಕಿತ್ಸೆಗೂ ಚಿಕಿತ್ಸೆಯ ನಟನೆಗೂ ರೋಗಿಗಳಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹಣ ಕೊಟ್ಟ ಆ ನೆರೆಹೊರೆಯವರೂ ಪ್ರೀತಿಯಿಂದಲೇ ಕೊಟ್ಟಿದ್ದರು. ಆದರೆ ಸತ್ಯವನ್ನು ವಿಚಾರಿಸದ ಪ್ರೀತಿ ತಾನು ಪ್ರೀತಿಸುವವರನ್ನೇ ಅಪಾಯಕ್ಕೆ ಒಡ್ಡಬಲ್ಲದು. ನಾವು ಕರಪತ್ರವನ್ನು ಆಕೆಯ ನರವೈದ್ಯರಿಗೆ ತೋರಿಸಿದೆವು. ಅವರು ಓದಿ, "ಇದರ ಹತ್ತರಲ್ಲೊಂದು ಪಾಲು ಸಾಕು, ಆದರೆ ಪ್ರತಿ ವರ್ಷ ಬೇಕು" ಎಂದರು. ಲಿಂಫ್ ಗ್ರಂಥಿಯ ಕ್ಯಾನ್ಸರಿಗೆಂದು ಬಂದ ರಿಟುಕ್ಸಿಮ್ಯಾಬ್ ಎಂಬ ಔಷಧ 2007ರಿಂದ ಭಾರತದಲ್ಲೇ ತಯಾರಾಗುತ್ತಿದೆ. ಅದನ್ನು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ರಕ್ತನಾಳದ ಮೂಲಕ ನೀಡಲಾಗುತ್ತದೆ. ನಮ್ಮ ದೇಶದ ಅನೇಕ ನರವೈದ್ಯರು ಎಂ.ಎಸ್.ಗೆ ಇದನ್ನು ಬಳಸುತ್ತಾರೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತನ್ನ ಅತ್ಯಗತ್ಯ ಔಷಧಗಳ ಪಟ್ಟಿಗೆ ಎಂ.ಎಸ್.ಗಾಗಿ ಮೊದಲ ಬಾರಿಗೆ ಮೂರು ಔಷಧಗಳನ್ನು ಸೇರಿಸಿದಾಗ ರಿಟುಕ್ಸಿಮ್ಯಾಬ್ ಅವುಗಳಲ್ಲಿ ಒಂದಾಗಿತ್ತು. ಯಾರಿಗೆ ಯಾವ ಔಷಧವೆಂಬುದನ್ನು ವೈದ್ಯರೇ ನಿರ್ಧರಿಸಬೇಕು. ಆದರೆ ಕಡಿಮೆ ವೆಚ್ಚದ ದಾರಿ ಇದೆಯೇ ಎಂದು ಕೇಳುವುದು ರೋಗಿಯ ಹಕ್ಕು.

ಬೆಲೆ ಮತ್ತು ಘನತೆ

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಜರ್ಮನಿಯ ಇಮ್ಯಾನುಯೆಲ್ ಕಾಂಟ್ ಮಾಡಿದ ಒಂದು ಭೇದವನ್ನು ಕಂಠಪಾಠ ಮಾಡಿದ್ದೆವು. ಬೆಲೆಯುಳ್ಳ ವಸ್ತುವಿನ ಬದಲಿಗೆ ಇನ್ನೊಂದನ್ನು ಇಡಬಹುದು. ಮನುಷ್ಯನಿಗಿರುವುದು ಬೆಲೆಯಲ್ಲ, ಘನತೆ, ಅದಕ್ಕೆ ಬದಲಿಯಿಲ್ಲ. ಪರೀಕ್ಷೆಯಲ್ಲಿ ಇದನ್ನು ಚೆನ್ನಾಗಿಯೇ ಬರೆದಿದ್ದೆ. ಆದರೆ ಡಬ್ಬಿಯ ಮೇಲೆ ಭಾವಚಿತ್ರ ಅಂಟಿಸಿದ ದಿನ ಆ ಪಾಠ ನೆನಪಿಗೆ ಬರಲಿಲ್ಲ. ಆಕೆಯ ಸಂಕಟವನ್ನು ಜನರ ಕಣ್ಣೀರಿಗೆ ವಿನಿಮಯವಾಗಿ ಇಟ್ಟಿದ್ದೆ.

ಫ್ರಾನ್ಸಿನ ಕಥೋಲಿಕ ಚಿಂತಕ ಗೇಬ್ರಿಯೆಲ್ ಮಾರ್ಸೆಲ್ ಸಮಸ್ಯೆ ಬೇರೆ, ರಹಸ್ಯ ಬೇರೆ ಎಂದರು. ಸಮಸ್ಯೆ ನನ್ನ ಎದುರಿಗಿರುವಂಥದು. ಹೊರಗೆ ನಿಂತು ಬಿಡಿಸಬಹುದು. ರಹಸ್ಯದೊಳಗೆ ನಾನೂ ಸೇರಿರುತ್ತೇನೆ. ಆ ಸಹೋದರಿಯ ಕಾಯಿಲೆಯನ್ನು ನಾನು ಒಂದು ಸಮಸ್ಯೆಯೆಂದು ತಿಳಿದು, ಒಂದು ಮೊತ್ತವನ್ನು ಅದಕ್ಕೆ ಉತ್ತರವಾಗಿ ಬರೆದೆ. ಅದು ನಮ್ಮೆಲ್ಲರ ನಡುವೆ ವರ್ಷಗಟ್ಟಲೆ ಜೀವಿಸಬೇಕಾದ ವಿಷಯವಾಗಿತ್ತು.

ನಾವು ಕಲಿತದ್ದು

ಅಂದಿನ ತಪ್ಪುಗಳಿಂದ ನಮ್ಮ ಪಾಲನಾ ಮಂಡಳಿ ಕೆಲವು ಕ್ರಮಗಳನ್ನು ರೂಢಿಸಿಕೊಂಡಿತು. ಇತರ ಧರ್ಮಕೇಂದ್ರಗಳಿಗೂ ಕುಟುಂಬಗಳಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇನೆ.

ಮೊದಲನೆಯದು ಅನುಮತಿ. ಏನು ಹೇಳಬೇಕು, ಏನು ಹೇಳಬಾರದು, ಹೆಸರು ಬೇಕೇ ಬೇಡವೇ ಎಂಬುದನ್ನು ರೋಗಿಯೇ ನಿರ್ಧರಿಸಬೇಕು. ಸಂಬಂಧಿಕರ ಒಪ್ಪಿಗೆ ಸಾಲದು. ವೈದ್ಯರ ಪತ್ರವನ್ನು ಇಬ್ಬರು ಮೂವರು ವಿಶ್ವಾಸಾರ್ಹರು ನೋಡಿದರೆ ಸಾಕು, ಇಡೀ ಊರು ನೋಡಬೇಕಾಗಿಲ್ಲ.

ಎರಡನೆಯದು ಅವಧಿ. ಒಮ್ಮೆಗೇ ದೊಡ್ಡ ಮೊತ್ತ ಕೇಳುವ ಬದಲು, ತಿಂಗಳಿಗೆ ನೂರು ಇನ್ನೂರು ರೂಪಾಯಿಯಂತೆ ಮೂರು ವರ್ಷ ಕೊಡುವ ಕುಟುಂಬಗಳನ್ನು ಹುಡುಕಿದೆವು. ಮೂವತ್ತೆಂಟು ಕುಟುಂಬಗಳು ಮುಂದೆ ಬಂದವು. ದೊಡ್ಡ ದಾನಿಗಳಿಗಿಂತ ಹೆಚ್ಚಾಗಿ ಬೀಡಿ ಕಟ್ಟುವ ಮನೆಗಳೂ ಗದ್ದೆ ಕೆಲಸದ ಮನೆಗಳೂ ಅದರಲ್ಲಿದ್ದವು.

ಮೂರನೆಯದು ಲೆಕ್ಕ. ಹಣ ನನ್ನ ಮೇಜಿನ ಸೆಳೆಖಾನೆಯಲ್ಲಿರಬಾರದು. ಬ್ಯಾಂಕಿನಲ್ಲಿ ಪ್ರತ್ಯೇಕ ಖಾತೆ, ಇಬ್ಬರ ಸಹಿ, ಪ್ರತಿ ಪಾವತಿಗೂ ಔಷಧದಂಗಡಿಯ ಅಥವಾ ಆಸ್ಪತ್ರೆಯ ರಶೀದಿ, ಮಿಕ್ಕಿದ ಹಣ ಯಾರಿಗೆ ಸಲ್ಲಬೇಕೆಂಬ ಬರಹ ಮೊದಲೇ ಇರಬೇಕು. ಲೆಕ್ಕ ಸ್ಪಷ್ಟವಾಗಿದ್ದರೆ ಸಂಶಯಕ್ಕೆ ಎಡೆಯಿಲ್ಲ. ರೋಗಿಯೂ ತಲೆಯೆತ್ತಿ ನಡೆಯಬಹುದು.

ನಾಲ್ಕನೆಯದು ಹಕ್ಕು. ದಾನ ಕೇಳುವ ಮೊದಲು ಕಾನೂನು ಏನು ಕೊಟ್ಟಿದೆ ಎಂದು ತಿಳಿಯಬೇಕು. 1995ರ ಅಂಗವಿಕಲರ ಕಾಯಿದೆಯಲ್ಲಿ ಏಳು ಬಗೆಯ ವೈಕಲ್ಯಗಳಷ್ಟೇ ಇದ್ದವು, ಎಂ.ಎಸ್. ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಇಪ್ಪತ್ತೊಂದು ಬಗೆಗಳನ್ನು ಗುರುತಿಸಿದಾಗ ಇದೂ ಸೇರಿತು. ಆದರೆ ಅನೇಕ ಸೌಲಭ್ಯಗಳಿಗೆ ಶೇಕಡಾ 40ರಷ್ಟು ವೈಕಲ್ಯದ ಪ್ರಮಾಣಪತ್ರ ಬೇಕು. ಬಂದುಹೋಗುವ ಈ ರೋಗದಲ್ಲಿ ಪರೀಕ್ಷೆಯ ದಿನ ರೋಗಿ ಚೆನ್ನಾಗಿದ್ದರೆ ಅದು ಕಷ್ಟವಾಗಬಹುದು. ಆದುದರಿಂದ ಹಳೆಯ ವರದಿಗಳನ್ನೆಲ್ಲ ಜೋಪಾನವಾಗಿಟ್ಟು ಒಯ್ಯಬೇಕು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ನೀಡುತ್ತದೆ. ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗಾಗಿ ಇರುವುದರಿಂದ ಮನೆಯಲ್ಲಿದ್ದು ಸೇವಿಸುವ ಔಷಧದ ಖರ್ಚು ಕುಟುಂಬದ ಮೇಲೆಯೇ ಬೀಳುತ್ತದೆ. ಸಮುದಾಯದ ಹಣ ತುಂಬಬೇಕಾದ ತೆರಪು ಇದು. ಇನ್ನೊಂದು ಮಾತು: ತೀವ್ರ ಕಾಯಿಲೆಗಳ ವಿಮಾ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಈ ರೋಗದ ಹೆಸರೂ ಇರುತ್ತದೆ. ಆದರೆ ರೋಗ ಬಂದ ಮೇಲೆ ಅದು ಸಿಗಲಾರದು. ದುಡಿಯುವ ಮಕ್ಕಳಿರುವ ಮನೆಗಳು ಈಗಲೇ ವಿಚಾರಿಸಬೇಕು.

ಐದನೆಯದು ಭೇಟಿ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಇಪ್ಪತ್ತು ವರ್ಷದ ವಿದ್ಯಾರ್ಥಿ ಫ್ರೆಡೆರಿಕ್ ಓಝನಾಂ ತನ್ನ ಸಂಗಡಿಗರೊಡನೆ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯನ್ನು ಆರಂಭಿಸಿದಾಗ, ಬಡವರ ಮನೆಗೆ ತಾವೇ ಹೋಗುವುದನ್ನು ಅದರ ಜೀವಾಳವನ್ನಾಗಿ ಮಾಡಿಕೊಂಡರು. ಇಂದಿಗೂ ನಮ್ಮ ಊರುಗಳಲ್ಲಿ ಆ ಸಭೆಯ ಸದಸ್ಯರು ಮನೆ ಭೇಟಿ ನಡೆಸುತ್ತಾರೆ. ಆಸ್ಪತ್ರೆಗೆ ಕರೆದೊಯ್ಯಲು ಒಂದು ರಿಕ್ಷಾ, ಸೆಕೆಗಾಲದ ಮಧ್ಯಾಹ್ನ ಅಡುಗೆಗೆ ಒಂದು ಕೈ, ಮಕ್ಕಳ ಓದಿಗೆ ಒಂದು ತಾಸು, ಇವು ರಶೀದಿ ಬರೆಯಲಾಗದ ಕಾಣಿಕೆಗಳು.

ಹೊತ್ತವರು ನಾಲ್ವರು

ಆ ಸಹೋದರಿ ಗುಣಮುಖರಾಗಿಲ್ಲ. ಬಲಗಾಲು ಸ್ವಲ್ಪ ಎಳೆಯುತ್ತದೆ, ಮೆಟ್ಟಿಲು ಹತ್ತಲು ಕೋಲು ಬೇಕು. ಆದರೂ ಶಾಲೆಗೆ ಹೋಗುತ್ತಾರೆ. ಇಗರ್ಜಿಗೂ ಬರುತ್ತಾರೆ, ಹಿಂದಿನ ಸಾಲಿನಲ್ಲಿ ಫ್ಯಾನಿನ ಕೆಳಗೆ ಕುಳಿತುಕೊಳ್ಳುತ್ತಾರೆ. ಆ ನಿಧಿಯಿಂದ ನಂತರ ಮೂತ್ರಪಿಂಡದ ಕಾಯಿಲೆಯ ಒಬ್ಬ ಹಿರಿಯರಿಗೂ ನೆರವು ಸಲ್ಲತೊಡಗಿತು. ಲೆಕ್ಕದ ಪುಸ್ತಕ ಬರೆಯುವವರು ಆಕೆಯೇ. ಒಂದು ಪೈಸೆ ವ್ಯತ್ಯಾಸ ಬಂದರೂ ಗುರುಗಳನ್ನು ಬಿಡುವುದಿಲ್ಲವೆಂದು ಕೇಳಿದ್ದೇನೆ. ನನಗೆ ವರ್ಗವಾಗಿ ಬರುವ ದಿನ ಆಕೆ ನನ್ನ ಬಳಿ ಬಂದು, "ಫಾದರ್, ಹೊಸ ಊರಿನಲ್ಲಿ ಮೊದಲು ಕೇಳಿ, ಆಮೇಲೆ ಓದಿ" ಎಂದು ನಕ್ಕರು.

ಪಾರ್ಶ್ವವಾಯು ರೋಗಿಯೊಬ್ಬನನ್ನು ನಾಲ್ವರು ಹೊತ್ತುಕೊಂಡು ಬಂದು, ಜನಸಂದಣಿಯಿಂದ ಒಳಹೋಗಲಾಗದೆ ಮಾಡು ಬಿಚ್ಚಿ ಪ್ರಭುವಿನ ಮುಂದೆ ಇಳಿಸಿದ ಪ್ರಸಂಗ ನಮಗೆಲ್ಲ ಗೊತ್ತು. ಅವರು ಆತನ ಹೆಸರು ಕೂಗಿ ಜನ ಸೇರಿಸಲಿಲ್ಲ. ಹಾಸಿಗೆಯ ಒಂದೊಂದು ಮೂಲೆ ಹಿಡಿದುಕೊಂಡರು. ಅವರಲ್ಲಿ ಒಬ್ಬ ದಾರಿಯ ಮಧ್ಯೆ ಕೈಬಿಟ್ಟಿದ್ದರೂ ರೋಗಿ ಕೆಳಗೆ ಬೀಳುತ್ತಿದ್ದ.

ನಮ್ಮ ನಮ್ಮ ವಾಳೆಯಲ್ಲಿ, ನೆರೆಮನೆಯಲ್ಲಿ, ಇಂತಹ ದೀರ್ಘ ಕಾಯಿಲೆಯೊಡನೆ ಬದುಕುವ ಒಬ್ಬರಾದರೂ ಇದ್ದಾರೆ. ಕಳೆದ ವರ್ಷ ನಾವು ಕೊಟ್ಟಿರಬಹುದು. ಈ ವಾರ ಹೋಗಿ, ಕುಳಿತು, ಏನು ಬೇಕು ಎಂದು ಅವರನ್ನೇ ಕೇಳೋಣ.